ಫ್ಲೇಕಿ ಟೆಸ್ಟ್‌ಗಳನ್ನು ಪಳಗಿಸಲು 13 ಸೂತ್ರಗಳು

ನೀಲಗಿರಿಯ ಇತ್ತಲಾರ್, ಎಮರಾಲ್ಡ್, ಮಂಜೂರು ಕಡೆಯ ಸಣ್ಣ ಬೆಳೆಗಾರರಿಗೆ ಟೀ ಎಲೆಯ ತೂಕವೇ ತಿಂಗಳ ಆದಾಯ. ಒಂದೇ ಚೀಲವನ್ನು ಒಮ್ಮೆ ಇಟ್ಟರೆ 24 ಕೆ.ಜಿ., ಇಳಿಸಿ ಮತ್ತೆ ಇಟ್ಟರೆ 27 ಕೆ.ಜಿ. ತೋರಿಸುವ ತಕ್ಕಡಿಯನ್ನು ಅವರು ಒಂದು ದಿನವೂ ಸಹಿಸುವುದಿಲ್ಲ. ಪೂರ್ತಿ ಕೆಟ್ಟ ತಕ್ಕಡಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಬದಲಾಗುತ್ತದೆ. ಒಮ್ಮೆ ಸರಿ, ಒಮ್ಮೆ ತಪ್ಪು ತೋರಿಸುವುದೇ ಹೆಚ್ಚು ಕೇಡು. ಅದು ಸರಿಯಾಗಿ ತೂಗಿದ ದಿನವೂ ಯಾರೂ ಅದನ್ನು ನಂಬುವುದಿಲ್ಲ.

ಸಾಫ್ಟ್‌ವೇರ್ ಕೆಲಸದಲ್ಲಿ ಇಂಥದ್ದಕ್ಕೆ ಫ್ಲೇಕಿ ಟೆಸ್ಟ್ ಎನ್ನುತ್ತಾರೆ. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಬೆಳಿಗ್ಗೆ ಪಾಸಾದ ಟೆಸ್ಟ್ ಮಧ್ಯಾಹ್ನ ಫೇಲ್, ಸಂಜೆ ಮತ್ತೆ ಪಾಸ್. ಬೆಂಗಳೂರು, ಕೊಯಮತ್ತೂರಿನ ಕಂಪನಿಗಳಿಗೆ ನೀಲಗಿರಿಯ ಹಟ್ಟಿಯಲ್ಲಿ ಕೂತು ಕೆಲಸ ಮಾಡುವವರಿಂದ ಹಿಡಿದು ಅಮೆರಿಕದ ದೊಡ್ಡ ಕಂಪನಿಗಳವರೆಗೆ ಈ ಕಾಟ ಎಲ್ಲರಿಗೂ ಇದೆ. ಗೂಗಲ್ 2016ರಲ್ಲಿ ತನ್ನ ಲೆಕ್ಕವನ್ನು ಬಹಿರಂಗಪಡಿಸಿತು. ಅಲ್ಲಿ ಸುಮಾರು ಶೇ 16ರಷ್ಟು ಟೆಸ್ಟ್‌ಗಳಲ್ಲಿ ಒಂದಿಷ್ಟಾದರೂ ಫ್ಲೇಕಿ ಗುಣವಿತ್ತು. ಪಾಸ್ ಇದ್ದದ್ದು ಫೇಲ್ ಆದ ಸಂದರ್ಭಗಳಲ್ಲಿ ಸುಮಾರು ಶೇ 84ರಲ್ಲಿ ಒಂದಲ್ಲ ಒಂದು ಫ್ಲೇಕಿ ಟೆಸ್ಟ್ ಸೇರಿಕೊಂಡಿತ್ತು.

ಟೆಸ್ಟ್‌ನ ಬೆಲೆ ಇರುವುದು ತಂಡ ಅದರ ಮಾತನ್ನು ನಂಬುವುದರಲ್ಲಿ. "ಅದು ಹಾಗೇ ಆಗಾಗ ಕೆಂಪಾಗುತ್ತದೆ ಬಿಡಿ" ಎನ್ನುವ ಮಾತು ರೂಢಿಯಾದ ದಿನ, ನಿಜವಾದ ಬಗ್ ಕೂಡ ಅದೇ ಮಾತಿನ ಮರೆಯಲ್ಲಿ ಗ್ರಾಹಕರ ಕೈ ಸೇರುತ್ತದೆ. ಅದನ್ನು ತಡೆಯುವ 13 ಸೂತ್ರಗಳು ಇಲ್ಲಿವೆ.

ಉದಾಹರಣೆಗೆ ಒಂದು ಆ್ಯಪ್ ಇದೆ ಎಂದಿಟ್ಟುಕೊಳ್ಳೋಣ. ಎಲೆ ಸಂಗ್ರಹಿಸುವ ಜಾಗದಲ್ಲಿ ತೂಕವನ್ನು ಮೊಬೈಲ್‌ನಲ್ಲಿ ನಮೂದಿಸುತ್ತಾರೆ. ಸರ್ವರ್ ಆ ತಿಂಗಳ ಬೆಲೆಯಲ್ಲಿ ಹಣ ಲೆಕ್ಕ ಹಾಕುತ್ತದೆ. ಬೆಳೆಗಾರರಿಗೆ ಎಸ್‌ಎಂಎಸ್ ಹೋಗುತ್ತದೆ. ಕೇಳಲು ಸರಳ. ಆದರೆ ಫ್ಲೇಕಿ ಟೆಸ್ಟ್ ಹುಟ್ಟುವ ಎಲ್ಲ ಜಾಗಗಳೂ ಇದರಲ್ಲಿ ಇವೆ.

1. ದೂರುವುದನ್ನು ಬಿಟ್ಟು ಲೆಕ್ಕ ಇಡಿ

"ನಮ್ಮ ಟೆಸ್ಟ್‌ಗಳು ಸರಿಯಿಲ್ಲ" ಎಂಬ ದೂರಿನಿಂದ ಏನೂ ಆಗದು. ಯಾವ ಟೆಸ್ಟ್, ವಾರದಲ್ಲಿ ಎಷ್ಟು ಸಲ ಓಡಿತು, ಎಷ್ಟು ಸಲ ಕಾರಣವಿಲ್ಲದೆ ಬಿತ್ತು ಎಂಬ ಪಟ್ಟಿ ಬೇಕು. ಒಂದೇ ಕಮಿಟ್‌ನಲ್ಲಿ ಒಮ್ಮೆ ಪಾಸ್, ಒಮ್ಮೆ ಫೇಲ್ ಆದದ್ದೆಲ್ಲ ಆ ಪಟ್ಟಿಗೆ ಬರಲಿ.

ಸಣ್ಣ ಅಂಕಿಯನ್ನು ಕಡೆಗಣಿಸಬೇಡಿ. ನಿಮ್ಮಲ್ಲಿ 300 ಟೆಸ್ಟ್‌ಗಳಿದ್ದು, ಪ್ರತಿಯೊಂದೂ 200 ಸಲಕ್ಕೆ ಒಮ್ಮೆ ಮಾತ್ರ ಸುಮ್ಮನೆ ಬೀಳುತ್ತದೆ ಎನ್ನಿ. ಒಂದೊಂದಾಗಿ ನೋಡಿದರೆ ಅದು ಅರ್ಧ ಪರ್ಸೆಂಟ್. ಆದರೆ 300ನ್ನೂ ಒಟ್ಟಿಗೆ ಓಡಿಸಿದಾಗ ಬಿಲ್ಡ್ ಪೂರ್ತಿ ಹಸಿರಾಗಿ ಬರುವುದು 100ರಲ್ಲಿ ಸುಮಾರು 22 ಸಲ. ಉಳಿದ 78 ಸಲ ಕೆಂಪು. ತಂಡ ಟೆಸ್ಟ್ ನೋಡುವುದನ್ನೇ ಬಿಡಲು ಅಷ್ಟು ಸಾಕು.

ಪಟ್ಟಿಗೆ ತನ್ನದೇ ಶಕ್ತಿಯಿದೆ. ಸ್ಪಾಟಿಫೈ ಕಂಪನಿಯ ಎಂಜಿನಿಯರ್‌ಗಳು ಫ್ಲೇಕಿ ಟೆಸ್ಟ್‌ಗಳ ಪಟ್ಟಿಯನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಇಟ್ಟದ್ದರಿಂದಲೇ ಎರಡು ತಿಂಗಳಲ್ಲಿ ಪ್ರಮಾಣ ಶೇ 6ರಿಂದ ಶೇ 4ಕ್ಕೆ ಇಳಿಯಿತು ಎಂದು ಬರೆದಿದ್ದಾರೆ. ಕಣ್ಣೆದುರಿಗೆ ಹೆಸರು ಕಂಡಾಗ ಜನ ತಾವಾಗಿಯೇ ಸರಿಪಡಿಸುತ್ತಾರೆ.

2. ಮತ್ತೆ ಓಡಿಸುವ ಮೊದಲು ಸಾಕ್ಷ್ಯ ಉಳಿಸಿ

ಟೆಸ್ಟ್ ಬಿದ್ದ ಕೂಡಲೇ ಬೆರಳು ರೀ-ರನ್ ಬಟನ್‌ಗೆ ಹೋಗುತ್ತದೆ. ಒತ್ತಿದರೆ ಹಸಿರಾಗುತ್ತದೆ, ಬಿದ್ದದ್ದರ ಗುರುತು ಅಳಿಸಿಹೋಗುತ್ತದೆ. ಇಪ್ಪತ್ತು ಸಲಕ್ಕೆ ಒಮ್ಮೆ ಕಾಣಿಸುವ ತೊಂದರೆ ಕೈಗೆ ಸಿಕ್ಕ ಒಂದೇ ಗಳಿಗೆಯನ್ನು ನಾವೇ ಅಳಿಸಿದಂತಾಯಿತು.

ಆದ್ದರಿಂದ ಸಾಕ್ಷ್ಯ ಸಂಗ್ರಹವನ್ನು ಯಂತ್ರಕ್ಕೇ ವಹಿಸಿ. ಬಿದ್ದ ಪ್ರತಿ ಟೆಸ್ಟ್‌ಗೂ ಲಾಗ್, ಓಡಿದ ಯಂತ್ರದ ಹೆಸರು, ಗಂಟೆ, ತೆಗೆದುಕೊಂಡ ಸಮಯ, ಟೆಸ್ಟ್‌ಗಳು ಓಡಿದ ಕ್ರಮ, ರ‍್ಯಾಂಡಮ್ ಸೀಡ್ ಇಷ್ಟೂ ಉಳಿಯಲಿ. ಬ್ರೌಸರ್ ಟೆಸ್ಟ್ ಆದರೆ ಸ್ಕ್ರೀನ್‌ಶಾಟ್ ಮತ್ತು ಟ್ರೇಸ್ ಕೂಡ ಬೇಕು. ಪ್ಲೇರೈಟ್‌ನಂಥ ಸಾಧನಗಳಲ್ಲಿ ಒಂದೊಂದು ಕ್ಲಿಕ್‌ನ ಹೊತ್ತಿಗೆ ಪುಟ ಹೇಗಿತ್ತು ಎಂದು ಆಮೇಲೆ ನೋಡುವ ಸೌಲಭ್ಯವಿದೆ. ಸಾಕ್ಷ್ಯವಿದ್ದರೆ ಹತ್ತು ನಿಮಿಷದಲ್ಲಿ ತಿಳಿಯುವ ಕಾರಣ, ಇಲ್ಲದಿದ್ದರೆ ಹತ್ತು ದಿನವಾದರೂ ತಿಳಿಯದು.

3. ತಪ್ಪು ಟೆಸ್ಟ್‌ನದೋ, ಪ್ರಾಡಕ್ಟ್‌ನದೋ ಎಂದು ಮೊದಲು ಕೇಳಿ

ಎಲ್ಲಕ್ಕಿಂತ ಮುಖ್ಯ ಸೂತ್ರ ಇದು. ಫ್ಲೇಕಿ ಎಂಬ ಹಣೆಪಟ್ಟಿ ಹಚ್ಚಿದ ಕೂಡಲೇ ತಪ್ಪೆಲ್ಲ ಟೆಸ್ಟ್‌ನದೇ ಎಂದುಕೊಳ್ಳುತ್ತೇವೆ. ಹಾಗಿರಬೇಕಿಲ್ಲ.

ನಮ್ಮ ಎಲೆ ಆ್ಯಪ್‌ನ ಒಂದು ಟೆಸ್ಟ್ ಆಗಾಗ ಬೀಳುತ್ತದೆ ಎನ್ನಿ. 24 ಕೆ.ಜಿ. ಬರಬೇಕಾದ ಕಡೆ 48 ಬರುತ್ತದೆ. ಮತ್ತೆ ಓಡಿಸಿದರೆ ಸರಿ. ಒಳಹೊಕ್ಕು ನೋಡಿದರೆ ನಡೆದದ್ದು ಇಷ್ಟು: ತೂಕ ಸರ್ವರ್‌ಗೆ ತಲುಪಿದೆ, ಉತ್ತರ ಬರುವಷ್ಟರಲ್ಲಿ ನೆಟ್‌ವರ್ಕ್ ಕಡಿದಿದೆ, ಆ್ಯಪ್ ಅದೇ ತೂಕವನ್ನು ಇನ್ನೊಮ್ಮೆ ಕಳಿಸಿದೆ. ಬೆಂಗಳೂರಿನ ಆಫೀಸಿನಲ್ಲಿ ಇದು ಅಪರೂಪ. ಬೆಟ್ಟದಲ್ಲಿ ಅಪರೂಪವಲ್ಲ. 2019ರ ಆಗಸ್ಟ್‌ನಲ್ಲಿ ಎಮರಾಲ್ಡ್ ಬಳಿಯ ಅವಲಾಂಚಿಯಲ್ಲಿ ಒಂದೇ ದಿನ 82 ಸೆಂ.ಮೀ. ಮಳೆ ಸುರಿಯಿತು. ಅಂಥ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವುದು, ಟವರ್ ಕೈಕೊಡುವುದು ಇಲ್ಲಿನವರಿಗೆ ಹೊಸತಲ್ಲ. ಆ ಟೆಸ್ಟ್ ಹೇಳಿದ್ದು ಸತ್ಯವನ್ನೇ. ಪ್ರತಿ ನಮೂದಿಗೂ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಅದನ್ನು ಹೊಸ ತೂಕವೆಂದು ಎಣಿಸದಂತೆ ಮಾಡುವುದೇ ಪರಿಹಾರ. ಟೆಸ್ಟ್ ಅಳಿಸಿದ್ದರೆ ಬೆಳೆಗಾರರ ಲೆಕ್ಕ ಕೆಡುತ್ತಿತ್ತು.

ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಅಪಾಚೆ ಪ್ರತಿಷ್ಠಾನದ 51 ಪ್ರಾಜೆಕ್ಟ್‌ಗಳಿಂದ 201 ದುರಸ್ತಿಗಳನ್ನು ಆಯ್ದು ಅಧ್ಯಯನ ಮಾಡಿದರು. ಫ್ಲೇಕಿ ಟೆಸ್ಟ್ ಸರಿಪಡಿಸಲು ಹೋದವರು ಶೇ 24ರಷ್ಟು ಸಲ ಮೂಲ ಕೋಡ್‌ನಲ್ಲೇ ಕೈಯಾಡಿಸಬೇಕಾಯಿತು. ಅವುಗಳಲ್ಲಿ ಬಹುಪಾಲು ನಿಜವಾದ ಬಗ್‌ಗಳೇ ಆಗಿದ್ದವು.

4. ಸ್ಲೀಪ್ ತೆಗೆಯಿರಿ, ಷರತ್ತಿಗೆ ಕಾಯಿರಿ

ಅದೇ ಅಧ್ಯಯನದಲ್ಲಿ ಮೊದಲ ಸ್ಥಾನ ಪಡೆದ ಕಾರಣ ಇದು: ಒಂದು ಕೆಲಸ ಮುಗಿಯುವವರೆಗೆ ಸರಿಯಾಗಿ ಕಾಯದೇ ಇರುವುದು. ವರ್ಗೀಕರಿಸಿದ ಪ್ರಕರಣಗಳಲ್ಲಿ ಸುಮಾರು ಶೇ 45 ಇದರದೇ ಪಾಲು.

"ಸೇವ್ ಒತ್ತು, 3 ಸೆಕೆಂಡ್ ನಿಲ್ಲು, ತೂಕ ಬಂದಿದೆಯೇ ನೋಡು" ಎಂದು ಬರೆದ ಟೆಸ್ಟ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ. ಸಿಐ ಸರ್ವರ್‌ನಲ್ಲಿ ಹತ್ತು ಬಿಲ್ಡ್‌ಗಳು ಒಟ್ಟಿಗೆ ಓಡುವಾಗ 3 ಸೆಕೆಂಡ್ ಸಾಲುವುದಿಲ್ಲ. ಆಗ ಯಾರೋ ಅದನ್ನು 10 ಮಾಡುತ್ತಾರೆ. ಈಗ ಕೆಲಸ ಅರ್ಧ ಸೆಕೆಂಡಿನಲ್ಲಿ ಮುಗಿದರೂ ಟೆಸ್ಟ್ ಹತ್ತು ಸೆಕೆಂಡ್ ಸುಮ್ಮನೆ ನಿಲ್ಲುತ್ತದೆ. ಸರ್ವರ್ ಇನ್ನಷ್ಟು ನಿಧಾನವಾದ ದಿನ ಆ ಹತ್ತೂ ಸಾಲದು. ಹೊತ್ತೂ ಹೋಯಿತು, ನಂಬಿಕೆಯೂ ಬರಲಿಲ್ಲ.

ಕಾಯಬೇಕಾದದ್ದು ಗಡಿಯಾರಕ್ಕಲ್ಲ, ಘಟನೆಗೆ. "ಪರದೆಯ ಮೇಲೆ 24 ಕೆ.ಜಿ. ಕಾಣುವವರೆಗೆ ಕಾಯಿ, ಹೆಚ್ಚೆಂದರೆ 30 ಸೆಕೆಂಡ್" ಎಂದು ಬರೆಯಿರಿ. ಬೇಗ ಬಂದರೆ ಬೇಗ ಮುಂದೆ ಹೋಗುತ್ತದೆ, ತಡವಾದರೆ ತಾಳಿಕೊಳ್ಳುತ್ತದೆ, ಬಾರದೇ ಹೋದರೆ ಖಚಿತವಾಗಿ ಬೀಳುತ್ತದೆ. ಬ್ರೌಸರ್ ಟೆಸ್ಟ್ ಸಾಧನ ಸೆಲೆನಿಯಂನಲ್ಲಿ ಇದಕ್ಕೆ ಎಕ್ಸ್‌ಪ್ಲಿಸಿಟ್ ವೇಟ್ ಇದೆ. 2020ರಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಪ್ಲೇರೈಟ್, ಬಟನ್ ಒತ್ತಲು ತಯಾರಾಗುವವರೆಗೆ ತಾನೇ ಕಾಯುತ್ತದೆ. ಇಂದೇ ನಿಮ್ಮ ಕೋಡ್‌ನಲ್ಲಿ ಸ್ಲೀಪ್ ಎಂದು ಹುಡುಕಿ. ಸಿಕ್ಕ ಪ್ರತಿ ಸಾಲೂ ಒಂದು ಕೆಲಸ.

5. ಗಡಿಯಾರವನ್ನು ನಿಮ್ಮ ಹಿಡಿತಕ್ಕೆ ತನ್ನಿ

ಭಾರತದಲ್ಲಿ ಕೆಲಸ ಮಾಡುವವರಿಗೆ ಈ ಸೂತ್ರ ಬಾಯಿಪಾಠವಾಗಬೇಕು. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಬಹುತೇಕ ಸರ್ವರ್‌ಗಳು ಯುಟಿಸಿಯಲ್ಲಿ ಓಡುತ್ತವೆ. ಹಾಗಾಗಿ ರಾತ್ರಿ 12ರಿಂದ ಬೆಳಗಿನ 5:30ರವರೆಗೆ ನಮಗೆ "ಇಂದು" ಆಗಿರುವ ದಿನ ಸರ್ವರ್‌ಗೆ ಇನ್ನೂ "ನಿನ್ನೆ".

ನೀಲಗಿರಿಯಲ್ಲಿ ಹಸಿರೆಲೆಯ ಸರಾಸರಿ ಬೆಲೆಯನ್ನು ಟೀ ಬೋರ್ಡ್ ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ನಮ್ಮ ಆ್ಯಪ್‌ನಲ್ಲಿ ಜುಲೈ 1ರ ನಸುಕಿನ ನಮೂದಿಗೆ ಯಾವ ಬೆಲೆ? ಒಂದು ಕೋಡ್ ಭಾರತದ ಸಮಯ ನೋಡಿ ಜುಲೈ ಎನ್ನುತ್ತದೆ, ಇನ್ನೊಂದು ಯುಟಿಸಿ ನೋಡಿ ಜೂನ್ ಎನ್ನುತ್ತದೆ. ಟೆಸ್ಟ್ ಹಗಲಿಡೀ ಪಾಸ್. ನಡುರಾತ್ರಿಯ ಬಿಲ್ಡ್‌ನಲ್ಲಿ, ಅದೂ ತಿಂಗಳ ಮೊದಲ ದಿನ ಮಾತ್ರ ಫೇಲ್. ಬೆಳಿಗ್ಗೆ ಹತ್ತಕ್ಕೆ ಬಂದವರು ಓಡಿಸಿದರೆ ಮತ್ತೆ ಪಾಸ್. "ಸುಮ್ಮನೆ ಬಿದ್ದದ್ದು" ಎಂದು ಬಿಟ್ಟರೆ ತಿಂಗಳಿಗೊಮ್ಮೆ ಹಣದ ಲೆಕ್ಕ ತಪ್ಪುತ್ತಲೇ ಇರುತ್ತದೆ.

ಪರಿಹಾರ ಸುಲಭ. ಕೋಡ್ ನೇರವಾಗಿ ಸಿಸ್ಟಂ ಗಡಿಯಾರ ನೋಡದಿರಲಿ, ಸಮಯವನ್ನು ಹೊರಗಿನಿಂದ ಕೊಡಿ. ಜಾವಾದಲ್ಲಿ 2014ರ ಎಂಟನೇ ಆವೃತ್ತಿಯಿಂದಲೇ ಇದಕ್ಕೆ ಕ್ಲಾಕ್ ಎಂಬ ಕ್ಲಾಸ್ ಇದೆ. ಪೈಥಾನ್‌ನಲ್ಲಿ ಫ್ರೀಜ್‌ಗನ್, ಜಾವಾಸ್ಕ್ರಿಪ್ಟ್‌ನಲ್ಲಿ ಫೇಕ್ ಟೈಮರ್ ಇವೆ. ನಂತರ ರಾತ್ರಿ 11:59, ನಸುಕಿನ 5:29, ತಿಂಗಳ ಕೊನೆ, ಫೆಬ್ರುವರಿ 29 ಇವಕ್ಕೆ ಪ್ರತ್ಯೇಕ ಟೆಸ್ಟ್ ಬರೆಯಿರಿ. ಆ ಗಳಿಗೆ ಬರುವವರೆಗೆ ಕಾಯುವ ಪ್ರಮೇಯವೇ ಇರುವುದಿಲ್ಲ.

6. ಒಂದು ಟೆಸ್ಟ್‌ನ ಎಂಜಲು ಇನ್ನೊಂದಕ್ಕೆ ಬೇಡ

ಮೊದಲ ಟೆಸ್ಟ್ ಒಬ್ಬ ಬೆಳೆಗಾರನನ್ನು ನೋಂದಾಯಿಸುತ್ತದೆ, ಎರಡನೆಯದು ಆತನ ಹೆಸರಿಗೆ ತೂಕ ಹಾಕುತ್ತದೆ. ಈ ಕ್ರಮದಲ್ಲಿ ಓಡಿದಷ್ಟು ದಿನ ಎಲ್ಲವೂ ಹಸಿರು. ಎರಡನೆಯದು ಒಂಟಿಯಾಗಿ ಓಡಿದರೆ, ಇಲ್ಲವೇ ಬೇರೆ ಯಂತ್ರಕ್ಕೆ ಹೋದರೆ ಬೀಳುತ್ತದೆ. 2014ರ ಅಧ್ಯಯನದಲ್ಲಿ ಇಂಥವು ಸುಮಾರು ಶೇ 12.

ಪ್ರತಿ ಟೆಸ್ಟ್ ತನಗೆ ಬೇಕಾದದ್ದನ್ನು ತಾನೇ ಸಿದ್ಧಪಡಿಸಿಕೊಂಡು ಶುರುವಾಗಲಿ. ಹಿಂದಿನದು ಸ್ವಚ್ಛ ಮಾಡಿಹೋಗಿರುತ್ತದೆ ಎಂದು ನಂಬುವುದು ಬೇಡ. ಅದು ನಡುವೆಯೇ ಬಿದ್ದಿದ್ದರೆ ಸ್ವಚ್ಛ ಮಾಡುವ ಸಾಲಿನವರೆಗೆ ಬಂದೇ ಇರುವುದಿಲ್ಲ. ಡೇಟಾಬೇಸ್ ಟೆಸ್ಟ್‌ಗಳನ್ನು ಟ್ರಾನ್ಸಾಕ್ಷನ್ ಒಳಗೆ ಓಡಿಸಿ, ಕೊನೆಯಲ್ಲಿ ರೋಲ್‌ಬ್ಯಾಕ್ ಮಾಡಿ.

ಒಳಗೊಳಗೆ ಅಡಗಿರುವ ಅವಲಂಬನೆ ಹೊರಬರಬೇಕಾದರೆ ದಿನವೂ ಕ್ರಮ ಕಲಕಿ ಓಡಿಸಿ. ಪೈಟೆಸ್ಟ್, ಜೆಯುನಿಟ್, ಆರ್‌ಸ್ಪೆಕ್ ಎಲ್ಲದರಲ್ಲೂ ಇದಕ್ಕೆ ದಾರಿಯಿದೆ. ಗೋ ಭಾಷೆಯಲ್ಲಿ 2021ರ 1.17ನೇ ಆವೃತ್ತಿಯಿಂದ ಶಫಲ್ ಆಯ್ಕೆ ಬಂದಿದೆ. ಬಳಸಿದ ಸೀಡ್ ಅನ್ನು ಲಾಗ್‌ನಲ್ಲಿ ಬರೆದಿಡಿ, ಇಲ್ಲದಿದ್ದರೆ ಬಿದ್ದ ಕ್ರಮವನ್ನು ಮತ್ತೆ ಕಟ್ಟಲಾಗದು. ಯಾವ ಟೆಸ್ಟ್ ಕೆಡಿಸುತ್ತಿದೆ ಎಂದು ತಿಳಿಯಲು ಹಿಂದಿನ ಟೆಸ್ಟ್‌ಗಳನ್ನು ಅರ್ಧರ್ಧ ಮಾಡುತ್ತಾ ಹೋಗಿ. ಸಾವಿರ ಟೆಸ್ಟ್ ಇದ್ದರೂ ಹತ್ತು ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲುತ್ತೀರಿ.

7. ಕೇಳದ ಕ್ರಮವನ್ನು ನಿರೀಕ್ಷಿಸಬೇಡಿ

ಡೇಟಾಬೇಸ್‌ಗೆ ಆರ್ಡರ್ ಬೈ ಹೇಳದಿದ್ದರೆ ಅದು ಯಾವ ಕ್ರಮದಲ್ಲಾದರೂ ಸಾಲುಗಳನ್ನು ಕೊಡಬಹುದು. ಪೈಥಾನ್‌ನ ಸೆಟ್, ಗೋ ಭಾಷೆಯ ಮ್ಯಾಪ್ ಇವುಗಳೂ ಹಾಗೆಯೇ. ಗೋ ಅಂತೂ ಯಾರೂ ಕ್ರಮವನ್ನು ನೆಚ್ಚಿಕೊಳ್ಳದಿರಲಿ ಎಂದೇ ಬೇಕೆಂದು ಕಲಕಿ ಕೊಡುತ್ತದೆ. ಕ್ರಮ ಮುಖ್ಯವಾದರೆ ಕೇಳಿ ಪಡೆಯಿರಿ. ಮುಖ್ಯವಲ್ಲದಿದ್ದರೆ ಎರಡೂ ಕಡೆ ಜೋಡಿಸಿಕೊಂಡು ಹೋಲಿಸಿ.

ಹಣ, ತೂಕಗಳನ್ನು ಫ್ಲೋಟ್‌ನಲ್ಲಿ ಇಡಬೇಡಿ. ಕೂಡುವ ಕ್ರಮ ಬದಲಾದರೆ ಕೊನೆಯ ಅಂಕಿ ಬದಲಾಗಬಹುದು. ಪೈಸೆ, ಗ್ರಾಂಗಳಲ್ಲಿ ಪೂರ್ಣಾಂಕವಾಗಿ ಇಡಿ.

ಕನ್ನಡ, ತಮಿಳು ಹೆಸರುಗಳಿರುವ ಕಡೆ ಇನ್ನೊಂದು ಎಚ್ಚರ ಬೇಕು. ಯೂನಿಕೋಡ್‌ನಲ್ಲಿ "ಕೊ" ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ತಮಿಳಿನ ಒಕಾರಕ್ಕೂ ಇದೇ ಮಾತು. ಬೇರೆ ಬೇರೆ ಕಡೆಯಿಂದ ಬಂದ ಹೆಸರುಗಳಿಂದ ರ‍್ಯಾಂಡಮ್ ಆಗಿ ಆಯ್ದು ಓಡಿಸುವ ಟೆಸ್ಟ್ ಇದರಿಂದಲೇ ಆಗಾಗ ಬೀಳುತ್ತದೆ. ಹೆಸರನ್ನು ಒಳಗೆ ತೆಗೆದುಕೊಳ್ಳುವಾಗಲೇ ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದರೆ ಟೆಸ್ಟೂ ಸರಿಯಾಗುತ್ತದೆ, ಹುಡುಕಾಟವೂ ಸರಿಯಾಗುತ್ತದೆ.

8. ಹೊರಗಿನ ಸೇವೆಗಳನ್ನು ಹೊಸ್ತಿಲಲ್ಲೇ ನಿಲ್ಲಿಸಿ

ತೂಕದ ಲೆಕ್ಕ ಸರಿಯಿದೆಯೇ ಎಂದು ನೋಡುವ ಟೆಸ್ಟ್ ನಿಜವಾದ ಎಸ್‌ಎಂಎಸ್ ಗೇಟ್‌ವೇಗೆ ಕರೆ ಮಾಡಬೇಕೇ? ಮಾಡಿದರೆ, ಆ ಕಂಪನಿಯ ಸರ್ವರ್ ನಿಧಾನವಾದ ದಿನ ನಿಮ್ಮ ಲೆಕ್ಕದ ಟೆಸ್ಟ್ ಬೀಳುತ್ತದೆ. ಬೆಟ್ಟದ ಮನೆಯಲ್ಲಿ ಕೂತು ಓಡಿಸುವವರಿಗೆ ಬೀಳುತ್ತದೆ, ಆಫೀಸಿನಲ್ಲಿ ಓಡಿಸುವವರಿಗೆ ಪಾಸಾಗುತ್ತದೆ. "ನನ್ನ ಕಡೆ ಓಡುತ್ತಿದೆಯಲ್ಲ" ಎಂಬ ವಾದ ಶುರುವಾಗುವುದೇ ಇಲ್ಲಿ.

ಹೊರಗಿನ ಸೇವೆಗೆ ಬದಲಿ ರೂಪವೊಂದನ್ನು ಒಳಗೇ ಇಟ್ಟುಕೊಳ್ಳಿ. ಆ ಬದಲಿ ನಿಜವಾದ ಸೇವೆಯಂತೆಯೇ ಉತ್ತರಿಸುತ್ತಿದೆಯೇ ಎಂದು ಪರೀಕ್ಷಿಸುವ ಕಾಂಟ್ರ್ಯಾಕ್ಟ್ ಟೆಸ್ಟ್‌ಗಳನ್ನು ಬೇರೆಯಾಗಿ, ದಿನಕ್ಕೊಮ್ಮೆ ಓಡಿಸಿ. ನೆಟ್‌ವರ್ಕ್ ಕಡಿಯುವ ಸಂದರ್ಭವನ್ನು ಅದೃಷ್ಟಕ್ಕೆ ಬಿಡದೆ, ಬದಲಿ ಸೇವೆಯಿಂದ ಬೇಕೆಂದೇ ಕಡಿಸಿ ನೋಡಿ. ಮೊದಲಿನಿಂದ ಕೊನೆವರೆಗೆ ಇಡೀ ಆ್ಯಪ್ ಓಡಿಸುವ ದೊಡ್ಡ ಟೆಸ್ಟ್‌ಗಳು ಕೆಲವೇ ಇರಲಿ. ಟೆಸ್ಟ್ ದೊಡ್ಡದಾದಷ್ಟೂ ಫ್ಲೇಕಿ ಆಗುವ ಸಂಭವ ಹೆಚ್ಚು ಎಂಬುದನ್ನು ಗೂಗಲ್ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೂ ತೋರಿಸಿದೆ.

9. ಒಟ್ಟಿಗೆ ಓಡುವವು ಒಂದನ್ನೊಂದು ತುಳಿಯದಿರಲಿ

ಎರಡು ಸಂಗ್ರಹ ಕೇಂದ್ರಗಳು ಒಬ್ಬರದೇ ಖಾತೆಗೆ ಒಂದೇ ಕ್ಷಣದಲ್ಲಿ ತೂಕ ಸೇರಿಸಿದರೆ ಒಂದು ಮಾಯವಾಗಬಹುದು. ಇಂಥ ಏಕಕಾಲದ ತೊಂದರೆಗಳು 2014ರ ಅಧ್ಯಯನದಲ್ಲಿ ಸುಮಾರು ಶೇ 20. ಕಣ್ಣಿನಿಂದ ಹುಡುಕುವುದು ಕಷ್ಟ, ಸಾಧನ ಬಳಸಿ. ಗೋ ಭಾಷೆಯಲ್ಲಿ ರೇಸ್ ಡಿಟೆಕ್ಟರ್, ಸಿ++ನಲ್ಲಿ ಥ್ರೆಡ್ ಸ್ಯಾನಿಟೈಸರ್ ಇವೆ.

ಟೆಸ್ಟ್‌ಗಳೂ ಒಂದನ್ನೊಂದು ತುಳಿಯುತ್ತವೆ. ಎಲ್ಲ ಟೆಸ್ಟ್‌ಗೂ ಒಂದೇ ಲಾಗಿನ್, ಒಂದೇ ಫೈಲ್ ಹೆಸರು, ಒಂದೇ ಪೋರ್ಟ್ ಬೇಡ. ಪೋರ್ಟ್ 0 ಕೇಳಿದರೆ ಖಾಲಿ ಇರುವುದನ್ನು ಆಪರೇಟಿಂಗ್ ಸಿಸ್ಟಂ ತಾನೇ ಕೊಡುತ್ತದೆ. ಬಳಕೆದಾರರ ಹೆಸರಿಗೆ ಪ್ರತಿ ಟೆಸ್ಟ್‌ನಲ್ಲೂ ಬೇರೆ ಬಾಲ ಸೇರಿಸಿ.

10. ರೀಟ್ರೈಗೆ ಮಿತಿ ಹಾಕಿ, ಲೆಕ್ಕಕ್ಕೆ ಬರೆಯಿರಿ

ಬಿದ್ದ ಟೆಸ್ಟ್ ಅನ್ನು ತಾನಾಗಿ ಮತ್ತೆ ಓಡಿಸುವುದು ತಪ್ಪಲ್ಲ. ತಂಡದ ಕೆಲಸ ನಿಲ್ಲದಿರಲು ಅದು ಬೇಕು. ಆದರೆ ಅದರ ಬೆಲೆ ಗೊತ್ತಿರಲಿ. ಹತ್ತು ಸಲಕ್ಕೆ ಒಮ್ಮೆ ಕಾಣಿಸುವ ನಿಜವಾದ ಬಗ್ ಇದೆ ಎನ್ನಿ. ಮೂರು ಪ್ರಯತ್ನಗಳಲ್ಲಿ ಒಂದು ಪಾಸಾದರೂ ಹಸಿರು ಎಂದು ನಿಯಮ ಮಾಡಿದರೆ, ಆ ಬಗ್ ನಿಮ್ಮನ್ನು ತಡೆಯುವುದು ಸಾವಿರಕ್ಕೆ ಒಂದು ಸಲ ಮಾತ್ರ. ಗ್ರಾಹಕರಿಗೆ ಮಾತ್ರ ಹತ್ತಕ್ಕೆ ಒಂದು ಸಲವೇ ಕಾಣಿಸುತ್ತದೆ.

ಹಾಗಾಗಿ ರೀಟ್ರೈ ಒಂದೇ ಸಲ. ರೀಟ್ರೈಯಿಂದ ಪಾಸಾದದ್ದು ಹಸಿರಾಗದೆ ಹಳದಿಯಾಗಿ ಕಾಣಲಿ, ಮೊದಲ ಸೂತ್ರದ ಪಟ್ಟಿಗೆ ಹೋಗಲಿ. ಓಪನ್‌ಸ್ಟ್ಯಾಕ್ ಯೋಜನೆಯವರು ರೀಚೆಕ್ ಎಂಬ ಆಜ್ಞೆಯ ಜೊತೆಗೆ ಯಾವ ಬಗ್‌ನಿಂದ ಬಿದ್ದಿತೆಂದು ಬರೆಯುವ ಪದ್ಧತಿ ತಂದರು. ಗೊತ್ತಿರುವ ಬಗ್‌ಗಳ ಜೊತೆ ಲಾಗ್ ಹೋಲಿಸುವ ಸಾಧನವನ್ನೂ ಕಟ್ಟಿದರು. ಕಾರಣ ಬರೆಯದೆ ಬಟನ್ ಒತ್ತುವಂತಿಲ್ಲ ಎಂಬ ಒಂದು ನಿಯಮ ತಂಡದ ಶಿಸ್ತನ್ನೇ ಬದಲಿಸುತ್ತದೆ.

ರೀಟ್ರೈಯನ್ನು ತನಿಖೆಗೂ ಬಳಸಬಹುದು. ಗಿಟ್‌ಹಬ್ ಬಿದ್ದ ಟೆಸ್ಟ್ ಅನ್ನು ಮೂರು ಬಗೆಯಲ್ಲಿ ಮತ್ತೆ ಓಡಿಸುತ್ತದೆ: ಅದೇ ಪ್ರೋಸೆಸ್‌ನಲ್ಲಿ ಹಾಗೆಯೇ, ಗಡಿಯಾರ ಮುಂದಕ್ಕೆ ತಳ್ಳಿ, ಬೇರೆ ಯಂತ್ರದಲ್ಲಿ. ಯಾವುದರಲ್ಲಿ ಪಾಸಾಯಿತು ಎಂಬುದೇ ಕಾರಣದ ಸುಳಿವು.

11. ಕ್ವಾರಂಟೈನ್‌ಗೆ ಹಾಕಿ, ಅವಧಿಯನ್ನೂ ಬರೆಯಿರಿ

ಕೂಡಲೇ ಸರಿಪಡಿಸಲಾಗದ ಟೆಸ್ಟ್ ಅನ್ನು ಮುಖ್ಯ ಬಿಲ್ಡ್‌ನಿಂದ ಬೇರೆಯಾಗಿಸಿ. ಅದು ಓಡುತ್ತಲೇ ಇರಲಿ, ಫಲಿತಾಂಶವೂ ದಾಖಲಾಗಲಿ, ಆದರೆ ಬಿಲ್ಡ್ ತಡೆಯದಿರಲಿ. ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ 2011ರಲ್ಲೇ ಇದನ್ನು ವಿವರವಾಗಿ ಬರೆದಿದ್ದಾರೆ. ಜೊತೆಗೆ ಒಂದು ಎಚ್ಚರಿಕೆ ಕೊಟ್ಟಿದ್ದಾರೆ: ಸಂಖ್ಯೆಗೆ ಮಿತಿಯಿರಲಿ, ಉದಾಹರಣೆಗೆ ಎಂಟು. ಮಿತಿ ಮುಟ್ಟಿದರೆ ಮೊದಲು ಅವನ್ನು ಸರಿಪಡಿಸಿ.

ಮಿತಿಯಿಲ್ಲದ ಕ್ವಾರಂಟೈನ್ ಎಂದರೆ ಯಾರೂ ಓದದ ಪಟ್ಟಿ. ಒಳಗೆ ಹಾಕಿದ ದಿನ, ಹಾಕಿದವರ ಹೆಸರು, ಹೊರಬರಬೇಕಾದ ದಿನ ಮೂರೂ ಬರೆದಿರಲಿ. ಎರಡು ವಾರ ಸಾಕು. ಅಷ್ಟರಲ್ಲಿ ಸರಿಯಾಗದಿದ್ದರೆ ಕೇಳಿ: ಈ ಟೆಸ್ಟ್ ಕಾಯುತ್ತಿರುವುದು ಯಾವುದನ್ನು? ಅದನ್ನು ಸಣ್ಣ ಟೆಸ್ಟ್‌ನಿಂದ ಕಾಯಬಹುದೇ? ಆಗುವುದಾದರೆ ಸಣ್ಣದನ್ನು ಬರೆದು ದೊಡ್ಡದನ್ನು ಅಳಿಸಿ. ಯಾವುದನ್ನೂ ಕಾಯುತ್ತಿಲ್ಲವಾದರೆ ಅಂಜದೆ ಅಳಿಸಿ.

12. ಸರಿಯಾಯಿತು ಎನ್ನಲು ಸಾಕಷ್ಟು ಸಲ ಓಡಿಸಿ

"ಸರಿಪಡಿಸಿ ಹತ್ತು ಸಲ ಓಡಿಸಿದೆ, ಹತ್ತೂ ಪಾಸ್" ಎಂಬ ಮಾತಿಗೆ ತೃಪ್ತಿಪಡಬೇಡಿ. ಇಪ್ಪತ್ತಕ್ಕೆ ಒಮ್ಮೆ ಬೀಳುವ ಟೆಸ್ಟ್, ಏನೂ ಸರಿಪಡಿಸದಿದ್ದರೂ, ಹತ್ತು ಸಲ ಸತತ ಪಾಸಾಗುವ ಸಂಭವ ಸುಮಾರು ಶೇ 60. ಶೇ 95ರಷ್ಟು ಭರವಸೆ ಬೇಕಿದ್ದರೆ ಅದು 59 ಸಲ ಬೀಳದೆ ಓಡಬೇಕು. ಬಾಯಿಲೆಕ್ಕ ಹೀಗೆ: ಎಷ್ಟು ಸಲಕ್ಕೆ ಒಮ್ಮೆ ಬೀಳುತ್ತಿತ್ತೋ ಅದರ ಮೂರರಷ್ಟು ಸಲ ಓಡಿಸಿ. ನೂರಕ್ಕೆ ಒಮ್ಮೆಯಾದರೆ ಮುನ್ನೂರು ಸಲ.

ಓಡಿಸುವಾಗ ಯಂತ್ರಕ್ಕೆ ಹೊರೆ ಕೊಡಿ. ಸಿಪಿಯು ಪೂರ್ತಿ ಬಳಕೆಯಲ್ಲಿರುವಾಗ, ನೆಟ್‌ವರ್ಕ್ ನಿಧಾನ ಮಾಡಿದಾಗ ಅಡಗಿದ ತೊಂದರೆ ಬೇಗ ಹೊರಬೀಳುತ್ತದೆ. ಹೊಸ ಟೆಸ್ಟ್ ಸೇರಿಸುವಾಗಲೂ ಇದೇ ಪರೀಕ್ಷೆ ಇರಲಿ. ಪುಲ್ ರಿಕ್ವೆಸ್ಟ್ ಒಪ್ಪುವ ಮೊದಲೇ ಹೊಸ ಟೆಸ್ಟ್ ನೂರು ಸಲ ಓಡಿ ತೋರಿಸಲಿ. ಹುಟ್ಟುವಾಗಲೇ ತಡೆದದ್ದು ಆಮೇಲೆ ಹುಡುಕುವುದಕ್ಕಿಂತ ಎಷ್ಟೋ ಅಗ್ಗ.

13. ಪ್ರತಿ ಟೆಸ್ಟ್‌ಗೂ ಒಂದು ಹೆಸರು, ಪ್ರತಿ ವಾರಕ್ಕೂ ಒಂದಿಷ್ಟು ಸಮಯ

ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲ. ಫ್ಲೇಕಿ ಎಂದು ದಾಖಲಾದ ಕೂಡಲೇ ಟಿಕೆಟ್ ತೆರೆದು ಆ ಕೋಡ್ ಬಲ್ಲವರ ಹೆಸರಿಗೆ ಹಾಕಿ. ತಂಡಕ್ಕೆ ನಿನ್ನೆ ಮೊನ್ನೆ ಸೇರಿದ ಹುಡುಗ ಹುಡುಗಿಯರ ಮೇಲೆ ಇದನ್ನೆಲ್ಲ ಹೊರಿಸುವ ರೂಢಿ ಬಿಡಿ. ಇದಕ್ಕೆ ಬೇಕಾದದ್ದು ವ್ಯವಸ್ಥೆಯ ಒಳಹೊರಗು ಬಲ್ಲ ಅನುಭವ. ಹಿರಿಯರು ಪಕ್ಕ ಕೂತು ಕಲಿಸಲಿ.

ಮ್ಯಾನೇಜರ್‌ಗಳಿಗೆ ಒಂದು ಮಾತು: ಈ ದುರಸ್ತಿಯನ್ನು ಬಿಡುವಿದ್ದಾಗ ಮಾಡುವ ಕೆಲಸವೆಂದು ಎಣಿಸಬೇಡಿ, ಪ್ರತಿ ಸ್ಪ್ರಿಂಟ್‌ನಲ್ಲೂ ಅದಕ್ಕೆ ಜಾಗ ಕೊಡಿ. ಫಲ ಸಿಕ್ಕೇ ಸಿಗುತ್ತದೆ. ಗಿಟ್‌ಹಬ್‌ನಲ್ಲಿ ಒಂದು ಕಾಲಕ್ಕೆ 11 ಕಮಿಟ್‌ಗಳಲ್ಲಿ ಒಂದು ಫ್ಲೇಕಿ ಟೆಸ್ಟ್‌ನಿಂದ ಕೆಂಪಾಗುತ್ತಿತ್ತು. ಪಟ್ಟಿ, ಟಿಕೆಟ್, ಹೊಣೆಗಾರಿಕೆ ಇವನ್ನು ಸ್ವಯಂಚಾಲಿತಗೊಳಿಸಿದ ಮೇಲೆ 200ಕ್ಕೆ ಒಂದಕ್ಕೆ ಇಳಿಯಿತು ಎಂದು ಅವರು 2020ರಲ್ಲಿ ವರದಿ ಮಾಡಿದರು.

ಎಲ್ಲಿಂದ ಶುರು ಮಾಡಬೇಕು?

ಹದಿಮೂರನ್ನೂ ಒಂದೇ ದಿನ ಮಾಡಬೇಕಿಲ್ಲ. ಈ ವಾರ ಪಟ್ಟಿ ಶುರು ಮಾಡಿ, ಸಾಕ್ಷ್ಯ ಉಳಿಯುವಂತೆ ಮಾಡಿ. ಮುಂದಿನ ವಾರ ಪಟ್ಟಿಯ ಮೊದಲ ಐದು ಟೆಸ್ಟ್‌ಗಳಿಗೆ ಮೂರನೇ ಸೂತ್ರದ ಪ್ರಶ್ನೆ ಕೇಳಿ. ಅದರ ಮುಂದಿನ ವಾರ ಸ್ಲೀಪ್ ಮತ್ತು ಗಡಿಯಾರಕ್ಕೆ ಕೈ ಹಾಕಿ. ತಿಂಗಳೊಳಗೆ ಕೆಂಪು ಕಡಿಮೆಯಾಗುವುದು ಎಲ್ಲರಿಗೂ ಕಾಣುತ್ತದೆ.

ನೀವು ಸಣ್ಣ ತಂಡದಲ್ಲಿರಬಹುದು, ದೊಡ್ಡ ಕಂಪನಿಯ ದೂರದ ಮೂಲೆಯಲ್ಲಿರಬಹುದು, ಊರಿನ ಮನೆಯಲ್ಲೇ ಕೂತು ಕೆಲಸ ಮಾಡುತ್ತಿರಬಹುದು. ಇದನ್ನು ಶುರು ಮಾಡಲು ಯಾರ ಅನುಮತಿಯೂ ಬೇಕಿಲ್ಲ. ನೀವು ಬರೆಯುವ ಸಾಫ್ಟ್‌ವೇರ್ ಬಳಸುವವರು ನಿಮ್ಮ ಟೆಸ್ಟ್‌ಗಳನ್ನು ಎಂದೂ ನೋಡುವುದಿಲ್ಲ, ಆದರೆ ಅವರ ದುಡ್ಡು, ಅವರ ದುಡಿಮೆ ಆ ಟೆಸ್ಟ್‌ಗಳ ಮಾತಿನ ಮೇಲೆ ನಿಂತಿದೆ. ಮುಂದಿನ ಸಲ ಕೆಂಪು ಕಂಡಾಗ ರೀ-ರನ್ ಒತ್ತುವ ಮೊದಲು ಲಾಗ್ ತೆರೆದು ಓದಿ.